ಟಿ.ಸಿ.ಯೊಳಗೆ ನುಗ್ಗುವ ಮುಂಗಾರು

ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಸೀಮೆಯಲ್ಲಿ ಮಳೆ ಹಿಡಿಯಿತೆಂದರೆ ಮೊದಲು ಹೋಗುವುದು ಕರೆಂಟು. ಮರ ಬಿದ್ದು ತಂತಿ ಹರಿದಿದ್ದರೆ ಒಂದೆರಡು ದಿನಕ್ಕೆ ಬಂದೀತೆಂಬ ಆಸೆಯಿರುತ್ತದೆ. ‘ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟಿದೆ’ ಎಂದು ಲೈನ್‌ಮನ್ ಹೇಳಿಬಿಟ್ಟರೆ ಕಿಗ್ಗದವರಾಗಲಿ ಬಾಳೆಹೊನ್ನೂರಿನವರಾಗಲಿ ಆ ಆಸೆಯನ್ನೂ ಬಿಡುತ್ತಾರೆ. ಸುಟ್ಟಿದ್ದು ಯಾಕೆ ಅಂದರೆ ಎಲ್ಲರದ್ದೂ ಒಂದೇ ಉತ್ತರ: ಸಿಡಿಲು. ಈ ಉತ್ತರವನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಕೊನೆಯ ಪೆಟ್ಟು ಸಿಡಿಲಿನದ್ದಿರಬಹುದು; ಅದಕ್ಕೆ ಹಾದಿ ಮಾಡಿಕೊಟ್ಟದ್ದು ಎಷ್ಟೋ ಸಲ ನೀರು.

ಕಂಬದ ಮೇಲಿನ ಟಿ.ಸಿ. 11,000 ವೋಲ್ಟನ್ನು 433 ವೋಲ್ಟಿಗೆ ಇಳಿಸುತ್ತದೆ. ಅದರೊಳಗೆ ಹೆಚ್ಚು ಒತ್ತಡದ ಸುರುಳಿಯೂ ಕಡಿಮೆ ಒತ್ತಡದ ಸುರುಳಿಯೂ ಒತ್ತೊತ್ತಾಗಿ ಕೂತಿವೆ. ನಡುವಿನ ಕಾವಲು ಎಂದರೆ ಕಾಗದ ಮತ್ತು ಖನಿಜ ಎಣ್ಣೆ. ಹೊಸ ಎಣ್ಣೆಯ ಪರೀಕ್ಷೆಯಲ್ಲಿ 2.5 ಮಿಲಿಮೀಟರ್ ಅಂತರಕ್ಕೆ ಕನಿಷ್ಠ 30,000 ವೋಲ್ಟ್ ತಡೆಯಬೇಕೆಂಬ ನಿಯಮವಿದೆ. ಆದರೆ ಲೀಟರ್ ಎಣ್ಣೆಗೆ ಹನಿಯೊಂದು ನೀರು ಸೇರಿದರೂ ಈ ತಾಕತ್ತು ಕುಸಿಯುತ್ತದೆ.

ಎಣ್ಣೆ ಕೆಟ್ಟರೆ ಸೋಸಬಹುದು, ಬದಲಿಸಬಹುದು. ಕಾಗದದ ಕತೆ ಹಾಗಲ್ಲ. ಕಾಗದವೆಂದರೆ ಸೆಲ್ಯುಲೋಸ್, ಅಂದರೆ ಗ್ಲೂಕೋಸ್ ಕೊಂಡಿಗಳ ಉದ್ದನೆಯ ಸರಪಳಿ. ಹೊಸ ಕಾಗದದ ಒಂದೊಂದು ಸರಪಳಿಯಲ್ಲಿ ಸರಾಸರಿ ಸಾವಿರದಷ್ಟು ಕೊಂಡಿಗಳಿರುತ್ತವೆ. ಬಿಸಿ ಮತ್ತು ತೇವ ಸೇರಿ ಇವನ್ನು ತುಂಡರಿಸುತ್ತ ಹೋಗುತ್ತವೆ. 200ರ ಆಸುಪಾಸಿಗೆ ಇಳಿದರೆ ಕಾಗದದ ಆಯುಸ್ಸು ಮುಗಿಯಿತು. ಕೇಡಿನ ಸಂಗತಿಯೆಂದರೆ ಕಾಗದ ಹೀಗೆ ಸವೆಯುವಾಗ ಹೊಸದಾಗಿ ನೀರೂ ಹುಟ್ಟುತ್ತದೆ, ಆ ನೀರು ಮತ್ತಷ್ಟು ಕೊಂಡಿ ಕಡಿಯುತ್ತದೆ. ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗುತ್ತದಲ್ಲ, ಇದು ಅದಕ್ಕೆ ಉಲ್ಟಾ: ತೇವ ಕುಡಿದ ಕಾಗದ ವರ್ಷಗಳುರುಳಿದಂತೆ ಮುಟ್ಟಿದರೆ ಮುರಿಯುವಷ್ಟು ಪೆಡಸಾಗುತ್ತದೆ. ಬೇಸಿಗೆಯಲ್ಲಿ ಅಡಿಕೆ ತೋಟದ ಪಂಪುಗಳೆಲ್ಲ ಒಟ್ಟಿಗೆ ತಿರುಗಿ ಟಿ.ಸಿ. ಕಾದರೆ ಇದರ ವೇಗ ಇನ್ನೂ ಹೆಚ್ಚು. ಸುರುಳಿಯ ಅತಿ ಬಿಸಿ ಜಾಗದಲ್ಲಿ 98 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ 6 ಡಿಗ್ರಿಗೆ ಕಾಗದ ಮುಪ್ಪಾಗುವ ವೇಗ ಇಮ್ಮಡಿಯಾಗುತ್ತದೆಂಬುದು ಎಂಜಿನಿಯರುಗಳ ಲೆಕ್ಕ.

ಹೊರಗಿನ ತೇವ ಒಳಹೊಕ್ಕುವುದು ಹೇಗೆ? ಟಿ.ಸಿ. ಉಸಿರಾಡುತ್ತದೆ. ಹೊರೆ ಹೆಚ್ಚಿದಾಗ ಎಣ್ಣೆ ಹಿಗ್ಗಿ ಗಾಳಿಯನ್ನು ಹೊರದಬ್ಬುತ್ತದೆ. ತಣಿದಾಗ ಕುಗ್ಗಿ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆ ಶೃಂಗೇರಿಗೆ ಹತ್ತಿರದಲ್ಲೇ ಇದೆ. ಆಷಾಢದಲ್ಲಿ ಇಲ್ಲಿಯ ಟಿ.ಸಿ. ಎಳೆದುಕೊಳ್ಳುವುದು ಎಂಥ ಗಾಳಿಯೆಂದು ಬಿಡಿಸಿ ಹೇಳಬೇಕಿಲ್ಲ. ಆ ಗಾಳಿಯ ಪಸೆ ಹೀರಲೆಂದೇ ಬ್ರೀದರ್ ಎಂಬ ಡಬ್ಬಿಯಿದೆ, ಅದರೊಳಗೆ ಸಿಲಿಕಾ ಜೆಲ್ ಹರಳು. ಒಣಗಿದ್ದಾಗ ನೀಲಿ, ನೀರು ಕುಡಿದು ತುಂಬಿದಾಗ ಗುಲಾಬಿ. ಕೆಲವು ಹೊಸ ಹರಳು ಕಿತ್ತಳೆಯಿಂದ ಹಸಿರಿಗೆ ತಿರುಗುತ್ತವೆ. ಪೂರ್ತಿ ಮುಚ್ಚಿದ, ಬ್ರೀದರ್ ಬೇಡದ ಟಿ.ಸಿ.ಗಳೂ ಈಗ ಬಂದಿವೆ. ಮಲೆನಾಡಿಗೆ ಹೇಳಿ ಮಾಡಿಸಿದ್ದು ಅವೇ ಎಂಬುದು ನನ್ನ ಎಣಿಕೆ.

ಇಷ್ಟಾದ ಮೇಲೆ ಒಂದು ದಿನ ಮರದ ಕೊಂಬೆ ಬಿದ್ದು ತಂತಿಗಳು ಒಂದಕ್ಕೊಂದು ತಾಗುತ್ತವೆ. ಸುರುಳಿಯಲ್ಲಿ ಕರೆಂಟು ಹತ್ತಾರು ಪಟ್ಟು ಏರಿ ಸುರುಳಿಗಳನ್ನು ಅದುರಿಸುತ್ತದೆ. ಗಟ್ಟಿ ಕಾಗದ ಇದನ್ನು ತಾಳೀತು, ಪೆಡಸು ಕಾಗದ ಬಿರುಕು ಬಿಡುತ್ತದೆ.

ಸಿಡಿಲಿನ ಪಾಲೂ ಸುಳ್ಳಲ್ಲ. ಅದನ್ನು ನೆಲಕ್ಕಿಳಿಸಲು ಅರೆಸ್ಟರ್ ಇದೆ, ಆದರೆ ಅದು ಅರ್ಥಿಂಗ್ ಇದ್ದಷ್ಟೇ ಒಳ್ಳೆಯದು. ಏಪ್ರಿಲ್-ಮೇ ಗುಡುಗಿನ ಹೊತ್ತಿಗೆ ಕೆಂಪು ಜಂಬಿಟ್ಟಿಗೆ ನೆಲ ಬತ್ತಿ ಒಣಗಿರುತ್ತದೆ. ಒಣ ನೆಲ ಕರೆಂಟನ್ನು ಸಲೀಸಾಗಿ ಒಳಗೆ ಬಿಟ್ಟುಕೊಳ್ಳದು. ಮನುಷ್ಯರ ಜೀವದ ಪ್ರಶ್ನೆಯೂ ಈ ಅರ್ಥಿಂಗಿನಲ್ಲೇ ಇದೆ. ಒಳಗಿನ ಕಾವಲು ಮುರಿದು 11,000 ವೋಲ್ಟ್ ಮನೆಯ ಲೈನಿಗೆ ನುಗ್ಗದಂತೆ ತಡೆಯುವುದು ನ್ಯೂಟ್ರಲ್ಲಿನ ಅರ್ಥಿಂಗ್ ಮತ್ತು ಸರಿಯಾದ ಅಳತೆಯ ಫ್ಯೂಸ್. ಫ್ಯೂಸ್ ಹೋದಾಗಲೆಲ್ಲ ದಪ್ಪ ತಂತಿ ಸುತ್ತುವವರು ಈ ಎರಡನೆಯ ಕಾವಲನ್ನು ಕೈಯಾರೆ ಕಿತ್ತೆಸೆಯುತ್ತಾರೆ.

ನಿಮ್ಮೂರಿನ ಟಿ.ಸಿ.ಯ ಬ್ರೀದರಿನ ಬಣ್ಣ ಬೇಲಿಯಾಚೆ ನಿಂತರೂ ಕಾಣುತ್ತದೆ. ಮೇ ತಿಂಗಳಲ್ಲೊಮ್ಮೆ ನೋಡಿ. ಗುಲಾಬಿಯಾಗಿದ್ದರೆ, ಎಣ್ಣೆ ಜಿನುಗುತ್ತಿದ್ದರೆ, ಅರ್ಥಿಂಗ್ ತಂತಿ ತುಂಡಾಗಿದ್ದರೆ ವಿದ್ಯುತ್ ಕಂಪನಿ ಮೆಸ್ಕಾಂನ 1912ಕ್ಕೆ ಫೋನ್ ಮಾಡಿ. ಬೇಲಿಯೊಳಗೆ ಮಾತ್ರ ಕಾಲಿಡಬೇಡಿ.