ಬಟನ್ ಒತ್ತೋಕೆ ಮುಂಚೆ ಒಂದು ಊಹೆ

ಇಲ್ಲಿ ಅಮೇರಿಕದಲ್ಲಿ ಮಕ್ಕಳನ್ನ ಶಾಲೆಗೆ ಕಳಿಸೋರಿಗೆಲ್ಲಾ ಗೊತ್ತಿರೋ ವಿಷಯವೇ. ಮಿಡ್ಲ್ ಸ್ಕೂಲಿಗೆ ಬರೋ ಹೊತ್ತಿಗೆ ಬೆನ್ನ ಮೇಲಿನ ಚೀಲದಲ್ಲಿ ಪುಸ್ತಕಗಳು ಕಡಿಮೆಯಾಗಿ ಒಂದು ಲ್ಯಾಪ್‌ಟಾಪು ಬಂದು ಕೂತಿರತ್ತೆ. ಹೋಮ್‌ವರ್ಕ್ ಅದರಲ್ಲೇ, ಟೆಸ್ಟೂ ಅದರಲ್ಲೇ, ಈಗೀಗ ವಿಜ್ಞಾನದ ಪ್ರಯೋಗಗಳೂ ಅದರಲ್ಲೇ. ಊರಿಗೆ ಫೋನ್ ಮಾಡಿ ಹೇಳಿದ್ರೆ "ಅಯ್ಯೋ, ಎಷ್ಟು ಮುಂದುವರಿದಿದಾರೆ ನೋಡು!" ಅಂತಾರೆ. ಮುಂದುವರಿದಿದಾರೋ ಇಲ್ವೋ ಅನ್ನೋದನ್ನ ಸ್ವಲ್ಪ ಬಿಡಿಸಿ ನೋಡೋಣ ಅಂತಲೇ ಈ ಬರಹ.

ಮಗಳಿಗೆ ಎಂಟನೇ ಕ್ಲಾಸಿನಲ್ಲಿ ವಿದ್ಯುತ್ ಸರ್ಕ್ಯೂಟಿನ ಪಾಠ ಬಂದಾಗ ಒಂದು ಸಂಜೆ ಪಕ್ಕದಲ್ಲೇ ಕೂತಿದ್ದೆ. ಪರದೆ ಮೇಲೆ ಬ್ಯಾಟರಿ, ತಂತಿ, ಬಲ್ಬು ಎಳೆದು ತಂದು ಜೋಡಿಸೋದು, ಪಕ್ಕದ ವರ್ಕ್‌ಶೀಟಿನಲ್ಲಿ ಬಿಟ್ಟ ಜಾಗ ತುಂಬೋದು. ಇಪ್ಪತ್ತು ಜಾಗಾನೂ ಹನ್ನೆರಡೇ ನಿಮಿಷದಲ್ಲಿ ತುಂಬಿದಳು, ಇಪ್ಪತ್ತಕ್ಕೆ ಇಪ್ಪತ್ತು. ಸುಮ್ಮನಿರಲಾರದೆ ಕೇಳಿದೆ, "ಎರಡು ಬಲ್ಬನ್ನ ಒಂದರ ಹಿಂದೆ ಒಂದು ಹಾಕಿದೀಯಲ್ಲ, ಬ್ಯಾಟರಿಯಿಂದ ಹೊರಟ ಕರೆಂಟು ಮೊದಲನೇ ಬಲ್ಬಿಗೆ ಜಾಸ್ತಿ ಸಿಗತ್ತೋ, ಎರಡನೇದಕ್ಕೋ?" ಅವಳು ನನ್ನ ಮುಖ ನೋಡಿ ಹೇಳಿದ್ದು ಇಷ್ಟೇ: "ಅದು ವರ್ಕ್‌ಶೀಟಿನಲ್ಲಿ ಇರ್ಲಿಲ್ಲ."

*

ಇಂಥ ಮಾತು ಕೇಳಿದ ತಕ್ಷಣ ನಮ್ಮ ವಯಸ್ಸಿನವರಿಗೆ "ನಮ್ಮ ಕಾಲದಲ್ಲಿ..." ಅಂತ ಶುರುಮಾಡೋ ಚಟ. ಆದ್ರೆ ನಮ್ಮ ಕಾಲದ ಕಥೆ ಏನು ಹೇಳಿ? ಅರವತ್ತು ಜನರ ಕ್ಲಾಸಿಗೆ ಬೀಗ ಹಾಕಿದ ಒಂದು ಬೀರು, ಅದರೊಳಗೆ ಧೂಳು ಹಿಡಿದ ಅಮ್ಮೀಟರು. ವರ್ಷಕ್ಕೊಮ್ಮೆ ಮೇಷ್ಟ್ರು ಮೇಜಿನ ಮೇಲಿಟ್ಟು ತೋರಿಸಿದ್ರೆ ಮುಂದಿನ ಬೆಂಚಿನವರಿಗೆ ಮುಳ್ಳು ಕಾಣ್ತಿತ್ತು, ಹಿಂದಿನವರಿಗೆ ಮುಂದಿನವರ ತಲೆ ಕಾಣ್ತಿತ್ತು. ಕಾಲೇಜಿಗೆ ಬಂದ ಮೇಲೆ ಉಪಕರಣ ಕೈಗೆ ಸಿಕ್ತು ಅನ್ನಿ. ಆದ್ರೆ 'g' ಬೆಲೆ 9.8 ಬರೋ ಹಾಗೆ ಹಿಂದಿನಿಂದ ಲೆಕ್ಕ ಹಾಕಿ ರೀಡಿಂಗ್ ಬರೆಯೋ ವಿದ್ಯೆ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಪರಂಪರಾಗತವಾಗಿ ಹರಿದು ಬರ್ತಿದ್ದದ್ದು ಯಾರಿಗೆ ಗೊತ್ತಿಲ್ಲ? ನಿಜವಾದ ಬಲ್ಬು, ನಿಜವಾದ ತಂತಿ ಇದ್ದ ಮಾತ್ರಕ್ಕೆ ಕಲಿಕೆ ತಾನಾಗೇ ಆಗಿಬಿಡತ್ತೆ ಅನ್ನೋದೂ ಸುಳ್ಳೇ.

ಮಗಳು ಬಳಸಿದ ಆ ಸರ್ಕ್ಯೂಟ್ ಆಟಕ್ಕೆ ಒಳ್ಳೆ ಹಿನ್ನೆಲೆ ಇದೆ. ಕಾರ್ಲ್ ವೀಮನ್ ಅನ್ನೋ ಭೌತವಿಜ್ಞಾನಿಗೆ 2001ರಲ್ಲಿ ನೊಬೆಲ್ ಬಂತು. ಅತಿ ಶೀತಲ ಸ್ಥಿತಿಯಲ್ಲಿ ಪರಮಾಣುಗಳೆಲ್ಲಾ ಒಂದೇ ಆಗಿ ವರ್ತಿಸೋ ಬೋಸ್-ಐನ್‌ಸ್ಟೈನ್ ಕಂಡೆನ್ಸೇಟ್ ಮಾಡಿ ತೋರಿಸಿದ್ದಕ್ಕೆ. ಬಹುಮಾನದ ಹಣದಲ್ಲಿ ಒಂದು ಪಾಲನ್ನ ಆತ ಹಾಕಿದ್ದು ಮಕ್ಕಳು ಆಡೋ ಸಿಮ್ಯುಲೇಶನ್‌ಗಳಿಗೆ. 2002ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಶುರುವಾದ ಆ ಯೋಜನೆಯ ಹೆಸರು ಫೆಟ್. ಮೊದಲು ಜಾವಾ, ಫ್ಲ್ಯಾಶ್‌ನಲ್ಲಿ ಇದ್ದವು. 2020ರ ಕೊನೆಗೆ ಫ್ಲ್ಯಾಶ್ ಕಣ್ಣು ಮುಚ್ಚಿದಾಗ ಅದನ್ನ ನಂಬಿದ್ದ ಎಷ್ಟೋ ಪಾಠಗಳು ಜೊತೆಗೇ ಹೋದವು. ಇವರು ಮಾತ್ರ ಮುಂಚೆಯಿಂದಲೇ ಒಂದೊಂದಾಗಿ ಎಚ್‌ಟಿಎಂಎಲ್-5ಗೆ ಬದಲಾಯಿಸ್ತಾ ಬಂದಿದ್ರಿಂದ ಈಗ ಫೋನಿನಲ್ಲೂ ನಡೀತವೆ.

ಅದೇ ವಿಶ್ವವಿದ್ಯಾಲಯದವರು 2005ರಲ್ಲಿ ಒಂದು ಸ್ವಾರಸ್ಯದ ಅಧ್ಯಯನ ಪ್ರಕಟಿಸಿದರು. ಒಂದಷ್ಟು ವಿದ್ಯಾರ್ಥಿಗಳಿಗೆ ನಿಜವಾದ ಬಲ್ಬು-ತಂತಿ ಕೊಟ್ಟರು, ಇನ್ನೊಂದಷ್ಟು ಜನಕ್ಕೆ ಬರೀ ಸಿಮ್ಯುಲೇಶನ್. ಆಮೇಲೆ ಎಲ್ಲರಿಗೂ ನಿಜವಾದ ಬಲ್ಬು-ತಂತಿ ಕೊಟ್ಟು ಸರ್ಕ್ಯೂಟ್ ಕಟ್ಟಿ, ಹೇಗೆ ಕೆಲಸ ಮಾಡತ್ತೆ ಅಂತ ವಿವರಿಸಿ ಅಂದರು. ಯಾರು ಗೆದ್ದಿರಬಹುದು? ನಿಜವಾದ ತಂತಿಯನ್ನ ಮುಟ್ಟದೇ ಕಲಿತವರೇ! ಕಟ್ಟಿದ್ದೂ ಬೇಗ, ವಿವರಿಸಿದ್ದೂ ಚೆನ್ನಾಗಿ.

ಮಂತ್ರ ಏನಿಲ್ಲ. ನಿಜವಾದ ತಂತಿಯೊಳಗೆ ಏನು ಹರೀತಿದೆ ಅನ್ನೋದು ಕಣ್ಣಿಗೆ ಕಾಣಲ್ಲ. ತಂತಿಯ ಬಣ್ಣ ಬೇರೆ ಆದ್ರೆ ಏನಾದ್ರೂ ವ್ಯತ್ಯಾಸ ಆಗತ್ತೋ ಅನ್ನೋಂಥ ಕೆಲಸಕ್ಕೆ ಬಾರದ ಗುಮಾನಿಗಳಲ್ಲೇ ಅರ್ಧ ಹೊತ್ತು ಹೋಗತ್ತೆ. ಸಿಮ್ಯುಲೇಶನ್‌ನಲ್ಲಿ ಎಲೆಕ್ಟ್ರಾನುಗಳು ನೀಲಿ ಗೋಲಿಗಳ ಹಾಗೆ ಸಾಲಾಗಿ ಹೋಗೋದು ಕಾಣತ್ತೆ. ಮೊದಲನೇ ಬಲ್ಬಿನ ಮುಂದೆ ಎಷ್ಟು ವೇಗವೋ ಎರಡನೇದರ ಹಿಂದೆಯೂ ಅಷ್ಟೇ ವೇಗ. ಕರೆಂಟು ದಾರಿಯಲ್ಲಿ 'ಖರ್ಚಾಗಿ' ಹೋಗಲ್ಲ, ಹಾಗಾಗಿ ಒಂದೇ ತರದ ಎರಡು ಬಲ್ಬುಗಳು ಒಂದೇ ಸಮ ಉರೀತವೆ. ಮಗಳಿಗೆ ನಾನು ಕೇಳಿದ ಪ್ರಶ್ನೆಯ ಉತ್ತರ ಅವಳ ಕಣ್ಣೆದುರೇ ಓಡಾಡ್ತಾ ಇತ್ತು. ಯಾರೂ ಕೇಳಿರ್ಲಿಲ್ಲ, ಅವಳು ನೋಡಿರ್ಲಿಲ್ಲ. ಅಷ್ಟೇ.

*

ಇದಕ್ಕಿಂತ ಹಳೇದು ಇನ್ನೊಂದಿದೆ, ನನಗೆ ಬಹಳ ಇಷ್ಟವಾದದ್ದು. ಕಂಪ್ಯೂಟರಿಗೆ ಜೋಡಿಸೋ ಮೋಶನ್ ಸೆನ್ಸರ್. ಬಾವಲಿಯ ಹಾಗೆ ನಮಗೆ ಕೇಳಿಸದ ಶಬ್ದ ಬಿಟ್ಟು, ಅದು ನಮ್ಮ ಮೈಗೆ ತಾಗಿ ವಾಪಸ್ ಬರೋಕೆ ಎಷ್ಟು ಹೊತ್ತು ಹಿಡೀತು ಅಂತ ನೋಡಿ ನಾವೆಷ್ಟು ದೂರ ಇದೀವಿ ಅಂತ ಲೆಕ್ಕ ಹಾಕತ್ತೆ. ನೀವು ಹಿಂದೆ-ಮುಂದೆ ನಡೆದ ಹಾಗೆ ಪರದೆ ಮೇಲೆ ಗ್ರಾಫು ತಾನೇ ಬರೀತಾ ಹೋಗತ್ತೆ. ನಿಂತರೆ ಗೆರೆ ನೆಟ್ಟಗೆ ಅಡ್ಡಕ್ಕೆ, ದೂರ ಹೋದ್ರೆ ಮೇಲಕ್ಕೆ, ಬೇಗ ಹೋದ್ರೆ ಇನ್ನೂ ಕಡಿದಾಗಿ. ಇದರಲ್ಲಿ ಮಜಾ ಇರೋದು ಉಲ್ಟಾ ಮಾಡಿಸಿದಾಗ. ಮೊದಲೇ ಒಂದು ಗ್ರಾಫು ಕೊಟ್ಟು "ಇದರ ಹಾಗೆ ನಡಿ ನೋಡೋಣ" ಅನ್ನೋದು. ಗುಡ್ಡದ ಆಕಾರದ ಗ್ರಾಫು ಕಂಡ ಮಕ್ಕಳು ಗುಡ್ಡ ಹತ್ತಿ ಇಳಿಯೋ ಹಾಗೆ ನಡೆಯಬೇಕೇನೋ ಅಂದ್ಕೋತಾರೆ. ಎರಡು ಸಲ ತಪ್ಪಾದ ಮೇಲೆ, ಓ, ಇದು ದೂರ ಹೋಗಿ ವಾಪಸ್ ಬರೋದು ಅಂತ ಕಾಲಿಗೇ ಅರ್ಥವಾಗತ್ತೆ.

ಈ ಸೆನ್ಸರ್ ಇಟ್ಕೊಂಡು 1987ರಲ್ಲಿ ಹೆದರ್ ಬ್ರಸೆಲ್ ಅನ್ನೋ ಸಂಶೋಧಕಿ ಹೈಸ್ಕೂಲ್ ಮಕ್ಕಳ ಮೇಲೆ ಒಂದು ಪರೀಕ್ಷೆ ಮಾಡಿದರು. ಒಂದು ಗುಂಪಿಗೆ ನಡೀತಾ ಇದ್ದ ಹಾಗೇ ಗ್ರಾಫು ಕಾಣತ್ತೆ. ಇನ್ನೊಂದಕ್ಕೆ ಅದೇ ಗ್ರಾಫು, ನಡೆದು ಮುಗಿಸಿದ ಇಪ್ಪತ್ತು-ಮೂವತ್ತು ಸೆಕೆಂಡ್ ಆದಮೇಲೆ. ಸಾಧನ ಅದೇ, ಪಾಠ ಅದೇ. ಆದ್ರೆ ತಡವಾಗಿ ಗ್ರಾಫು ನೋಡಿದವರಲ್ಲಿ ಕಲಿಕೆಯ ಲಾಭ ಬಹುಮಟ್ಟಿಗೆ ಮಾಯ! ಕಾಲು ಮಾಡಿದ್ದಕ್ಕೂ ಕಣ್ಣು ಕಂಡಿದ್ದಕ್ಕೂ ನಡುವೆ ಅರ್ಧ ನಿಮಿಷ ಬಿದ್ದರೆ ಸಂಬಂಧ ಕಡಿದು ಹೋಗತ್ತೆ. ಹಾಗಿದ್ದಮೇಲೆ ಸೋಮವಾರ ಮಾಡಿದ ಪ್ರಯೋಗಕ್ಕೆ ಗುರುವಾರ ಗ್ರಾಫು ಬರೆಸಿದ್ರೆ ಏನಾಗಬಹುದು, ನೀವೇ ಹೇಳಿ.

*

ಎಲ್ಲಾ ಸರಿ, ಒಳ್ಳೆ ಸಾಧನ ಕೊಟ್ಟು ತಕ್ಷಣ ತೋರಿಸಿಬಿಟ್ರೆ ಸಾಕಲ್ಲ ಅಂತೀರಾ? ಸಾಲದು. ಹಾರ್ವರ್ಡಿನ ಎರಿಕ್ ಮಜೂರ್ ಮತ್ತು ಜೊತೆಯವರು 2004ರಲ್ಲಿ ಪ್ರಕಟಿಸಿದ್ದು ಇದನ್ನೇ. ಕ್ಲಾಸಿನಲ್ಲಿ ಮಾಡಿ ತೋರಿಸೋ ಪ್ರಯೋಗಗಳಿಂದ ಮಕ್ಕಳು ಏನಾದ್ರೂ ಕಲೀತಾರೋ, ಇಲ್ಲಾ ಬರೀ ಮನರಂಜನೆಯೋ ಅಂತ ನೋಡಿದರು. ಪ್ರಯೋಗವನ್ನ ನೋಡದೇ ಇದ್ದವರಲ್ಲಿ ನೂರಕ್ಕೆ ಸುಮಾರು 22 ಜನ ಆಮೇಲೆ ಸರಿಯಾದ ವಿವರಣೆ ಕೊಟ್ಟರು. ಸುಮ್ಮನೆ ನೋಡಿದವರಲ್ಲಿ? 24. ಅಂದ್ರೆ ನೋಡಿದ್ದೂ ಒಂದೇ, ನೋಡದೇ ಇದ್ದದ್ದೂ ಒಂದೇ. ತೋರಿಸೋಕೆ ಮುಂಚೆ "ಏನಾಗತ್ತೆ ಅಂತ ಊಹಿಸಿ" ಅಂದಾಗ 30 ಆಯ್ತು, ಆಮೇಲೆ ಅಕ್ಕಪಕ್ಕದವರ ಜೊತೆ ಚರ್ಚೆಯನ್ನೂ ಮಾಡಿಸಿದಾಗ 32. ಊಹೆ ಕೇಳೋಕೆ ಹಿಡಿದ ಹೆಚ್ಚಿನ ಸಮಯ ಎರಡೇ ನಿಮಿಷ.

ಯಾಕೆ ಹೀಗೆ? ಊಹೆ ಮಾಡದೇ ನೋಡಿದವನಿಗೆ ಏನು ಕಂಡರೂ "ಹೌದು, ಹೀಗೇ ಆಗಬೇಕಿತ್ತು" ಅನ್ಸತ್ತೆ. ಊಹೆ ಮಾಡಿದವನದ್ದು ಒಂದು ಪಣ ಇರತ್ತೆ. ಸೋತರೆ ಯಾಕೆ ಅಂತ ಕೇಳ್ತಾನೆ. ಕ್ರಿಕೆಟ್ ಮ್ಯಾಚ್ ಲೈವ್ ನೋಡೋದಕ್ಕೂ ಮಾರನೇ ದಿನ ಸ್ಕೋರ್‌ಕಾರ್ಡ್ ಓದೋದಕ್ಕೂ ಇರೋ ವ್ಯತ್ಯಾಸ ಅನ್ನಿ.

ಮಜೂರ್ ಹೆಸರು ಬಂದಮೇಲೆ ಕ್ಲಿಕ್ಕರ್ ಬಗ್ಗೆ ಹೇಳಲೇಬೇಕು. ಮೇಷ್ಟ್ರು ಪ್ರಶ್ನೆ ಹಾಕೋದು, ಎಲ್ಲರೂ ಕೈಲಿರೋ ಪುಟ್ಟ ರಿಮೋಟಿನಲ್ಲಿ ಎ, ಬಿ, ಸಿ ಒತ್ತೋದು, ಪಕ್ಕದವರ ಜೊತೆ ವಾದ ಮಾಡಿ ಮತ್ತೆ ಒತ್ತೋದು. 1991ರ ಸುಮಾರಿಗೆ ಆತ ಶುರುಮಾಡಿದ ಪದ್ಧತಿ ಇದು. ಕ್ಲಿಕ್ಕರ್‌ಗಳಿಂದಲೇ ಕಲಿಕೆ ಹೆಚ್ಚಿತು ಅಂತ ಕಾಲೇಜುಗಳು ಕೊಂಡಿದ್ದೇ ಕೊಂಡಿದ್ದು. 2008ರಲ್ಲಿ ಕೆನಡಾದ ನತಾನಿಯೆಲ್ ಲಾಸ್ರಿ ಒಂದು ಕ್ಲಾಸಿಗೆ ಕ್ಲಿಕ್ಕರ್, ಇನ್ನೊಂದು ಕ್ಲಾಸಿಗೆ ಅದೇ ಅಕ್ಷರಗಳಿರೋ ರಟ್ಟಿನ ಕಾರ್ಡು ಕೊಟ್ಟು ಹೋಲಿಸಿದರು. ಕಲಿಕೆಯಲ್ಲಿ ಹೇಳಿಕೊಳ್ಳೋವಂಥ ವ್ಯತ್ಯಾಸವೇ ಇಲ್ಲ! ಮೇಷ್ಟ್ರಿಗೆ ಲೆಕ್ಕ ಹಾಕೋ ಕೆಲಸ ಉಳೀತು, ಅದು ನಿಜ. ಆದ್ರೆ ಕಲಿಸಿದ್ದು ಪ್ರಶ್ನೆ ಮತ್ತು ಆ ವಾದ.

*

ಸಿಮ್ಯುಲೇಶನ್‌ನಲ್ಲಿ ಸಿಗದೇ ಇರೋದೂ ಒಂದಿದೆ. ಅಲ್ಲಿ ಎಷ್ಟು ಸಲ ಅಳೆದರೂ ಸಾಮಾನ್ಯವಾಗಿ ಅದೇ ಉತ್ತರ. ಪ್ರಪಂಚ ಹಾಗಿಲ್ವಲ್ಲ. ಅದಕ್ಕೇ ಹೋದ ಶರತ್ಕಾಲದಲ್ಲಿ ಮಗಳ ಜೊತೆ ಡ್ರೈವ್‌ವೇನಲ್ಲಿ ಶಬ್ದದ ವೇಗ ಅಳೆಯೋಕೆ ಹೊರಟೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು 2016ರಲ್ಲಿ ಬಿಟ್ಟ ಫೈಫಾಕ್ಸ್ ಅಂತ ಒಂದು ಪುಕ್ಕಟೆ ಆಪ್ ಇದೆ. ಅದರಲ್ಲಿ ಚಪ್ಪಾಳೆ ಕೇಳಿದ ಕೂಡಲೇ ಶುರುವಾಗಿ, ಇನ್ನೊಂದು ಚಪ್ಪಾಳೆಗೆ ನಿಲ್ಲೋ ಸ್ಟಾಪ್‌ವಾಚ್ ಸಿಗತ್ತೆ. ಎರಡು ಫೋನನ್ನ ಐದು ಮೀಟರ್ ದೂರದಲ್ಲಿಟ್ವಿ. ನನ್ನ ಫೋನಿನ ಪಕ್ಕ ನಾನು ಒಂದು ಚಪ್ಪಾಳೆ ಹೊಡೆಯೋದು, ಆಮೇಲೆ ಅವಳ ಫೋನಿನ ಪಕ್ಕ ಅವಳು. "ಯಾವ ಫೋನು ಜಾಸ್ತಿ ಸಮಯ ತೋರಿಸತ್ತೆ?" ಅಂತ ಮೊದಲೇ ಕೇಳಿದೆ. "ಎರಡೂ ಒಂದೇ" ಅಂದಳು.

ಒಂದೇ ಅಲ್ಲ. ನನ್ನ ಫೋನು ಬೇಗ ಶುರುವಾಗಿ ತಡವಾಗಿ ನಿಲ್ಲತ್ತೆ, ಅವಳದ್ದು ತಡವಾಗಿ ಶುರುವಾಗಿ ಬೇಗ ನಿಲ್ಲತ್ತೆ. ಆ ವ್ಯತ್ಯಾಸದಲ್ಲಿ ಶಬ್ದ ಹತ್ತು ಮೀಟರ್ ಓಡಿರತ್ತೆ. ಹತ್ತನ್ನ ಅದರಿಂದ ಭಾಗಿಸಿದ್ರೆ ವೇಗ. ಒಂದು ಸಲ ಪಕ್ಕದ ಮನೆ ನಾಯಿ ಬೊಗಳಿ ಸ್ಟಾಪ್‌ವಾಚ್ ನಿಲ್ಲಿಸಿಬಿಡ್ತು. ಉಳಿದ ನಾಲ್ಕು ಸಲ ಬಂದ ವ್ಯತ್ಯಾಸಗಳು 0.031, 0.028, 0.029, 0.030 ಸೆಕೆಂಡ್. ಅಂದ್ರೆ ವೇಗ ಸೆಕೆಂಡಿಗೆ 323 ಮೀಟರಿನಿಂದ 357ರವರೆಗೆ.

"ಇದರಲ್ಲಿ ಯಾವ್ದು ಸರಿ?" ಅಂದಳು. ಇಪ್ಪತ್ತಕ್ಕೆ ಇಪ್ಪತ್ತು ತೆಗೆಯೋ ಹುಡುಗಿ ಪೂರ್ತಿ ಕಕ್ಕಾಬಿಕ್ಕಿ. ಪುಸ್ತಕದಲ್ಲಿ 343 ಅಂತಿದೆ. ಅದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅವತ್ತು ಹೊರಗೆ 15 ಇತ್ತು, ಆ ಚಳಿಗೆ ಸುಮಾರು 340 ಇರಬೇಕು. ನಾಲ್ಕು ವ್ಯತ್ಯಾಸಗಳ ಸರಾಸರಿ ತೆಗೆದ್ರೆ ಬಂದದ್ದು 339. ಆ 357 ಯಾಕೆ ಬಂತು ಅಂತ ಅರ್ಧ ಗಂಟೆ ತಲೆ ಕೆಡಿಸ್ಕೊಂಡು ಅವಳೇ ಒಂದು ಕಾರಣ ಹುಡುಕಿದಳು. ಆ ಸಲ ಫೋನಿನ ಪಕ್ಕದಲ್ಲಿ ನಿಲ್ಲದೆ ಒಂದಡಿ ಒಳಗೆ, ನನ್ನ ಕಡೆಗೆ ಬಂದು ಚಪ್ಪಾಳೆ ಹೊಡೆದಿದ್ದಳಂತೆ. ಬೇಕಂತಲೇ ಹಾಗೆ ನಿಂತು ಇನ್ನೊಮ್ಮೆ ಹೊಡೆದಳು. ಮತ್ತೆ 0.028! ಅವಳ ಮುಖ ನೋಡಬೇಕಿತ್ತು. ಯಾವ ವರ್ಕ್‌ಶೀಟಿನಲ್ಲೂ ಈ ಪ್ರಶ್ನೆ ಇರ್ಲಿಲ್ಲ.

*

ಇದನ್ನೆಲ್ಲಾ ಕನ್ನಡದಲ್ಲಿ ಕೂತು ಬರೆಯೋಕೆ ಕಾರಣ ಇದೆ. ಊರಿನ ಶಾಲೆಗೆ ಏನಾದ್ರೂ ಮಾಡೋಣ ಅಂತ ನಮ್ಮ ಕೂಟಗಳಲ್ಲಿ ಮಾತು ಬಂದಾಗಲೆಲ್ಲಾ ಮೊದಲು ಬರೋದು "ಎಷ್ಟು ಕಂಪ್ಯೂಟರ್ ಕೊಡಿಸೋಣ?" ಅನ್ನೋದೇ. ಕೊಡಿಸಬಾರದು ಅಂತಲ್ಲ. ಆದ್ರೆ ಫೆಟ್‌ನ ಸಿಮ್ಯುಲೇಶನ್‌ಗಳಲ್ಲಿ ಕೆಲವು ಕನ್ನಡದಲ್ಲೇ ಸಿಗತ್ತೆ, ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಓಡತ್ತೆ, ಮೇಷ್ಟ್ರ ಹತ್ತಿರ ಇರೋ ಒಂದು ಫೋನು, ಶಾಲೇಲಿ ಒಂದು ಪ್ರೊಜೆಕ್ಟರ್ ಇದ್ರೆ ಸಾಕು. ಕ್ಲಿಕ್ಕರ್ ಬದಲು ಹಳೇ ಮದುವೆ ಕಾಗದದ ಹಿಂದೆ ದೊಡ್ಡದಾಗಿ ಅ, ಆ, ಇ, ಈ ಬರೆದುಕೊಂಡರೆ ಆಯ್ತು. ಬೇಕಾಗಿರೋದು ಒತ್ತೋಕೆ ಮುಂಚೆ "ಏನಾಗತ್ತೆ? ಯಾಕೆ?" ಅಂತ ಕೇಳಿ, ಎರಡು ನಿಮಿಷ ಕಾಯೋ ಮೇಷ್ಟ್ರು. ಸಿಲಬಸ್ ಮುಗಿಸೋ ಗಡಿಬಿಡಿಯಲ್ಲಿ ಆ ಎರಡು ನಿಮಿಷ ಸಿಗೋದು ಎಷ್ಟು ಕಷ್ಟ ಅಂತ ಮೇಷ್ಟ್ರುಗಳಿಗೇ ಗೊತ್ತು. ಅದು ಇಲ್ಲಿಯೂ ಕಷ್ಟವೇ. ದುಡ್ಡು ಕೊಟ್ಟು ಕೊಡಿಸೋಕೆ ಆಗೋದಲ್ಲ ಅನ್ನೋದಕ್ಕೇ ಇರಬೇಕು, ನಮ್ಮ ಮೀಟಿಂಗುಗಳಲ್ಲಿ ಅದರ ಮಾತೇ ಬರಲ್ಲ.

ಈಗಂತೂ ಪ್ರಯೋಗದ ವರದಿ ಬರೆದುಕೊಡೋಕೆ ಎಐ ಕೂಡಾ ಬಂದಿದೆ. ಬಿಟ್ಟ ಜಾಗ ತುಂಬೋ ಕೆಲಸವನ್ನ ಮಕ್ಕಳಿಗಿಂತ ಚೆನ್ನಾಗಿ ಅದೇ ಮಾಡತ್ತೆ. ಹಾಗಾಗಿ ಮನೇಲಿ ನಾವು ಕೇಳಬೇಕಾದ್ದು "ಹೋಮ್‌ವರ್ಕ್ ಆಯ್ತಾ?" ಅಂತಲ್ಲ, "ನೀನು ಏನು ಅಂದ್ಕೊಂಡಿದ್ದೆ, ಏನಾಯ್ತು?" ಅಂತ.

ಬೇಕಿದ್ರೆ ಇವತ್ತೇ ನೋಡಿ. ನಿಮ್ಮನೆ ಮಕ್ಕಳನ್ನ ಕರೆದು, ಒಂದೇ ತರದ ಎರಡು ಬಲ್ಬು ಒಂದರ ಹಿಂದೆ ಒಂದು ಉರೀತಿವೆ, ಒಂದನ್ನ ಬಿಚ್ಚಿದ್ರೆ ಇನ್ನೊಂದು ಏನಾಗತ್ತೆ ಅಂತ ಕೇಳಿ. ಅಕ್ಕಪಕ್ಕ, ಬೇರೆ ಬೇರೆ ದಾರಿಯಲ್ಲಿ ಜೋಡಿಸಿದ್ರೆ ಏನಾಗತ್ತೆ ಅಂತಲೂ ಕೇಳಿ. ಉತ್ತರ ಮಾತ್ರ ತಕ್ಷಣ ಹೇಳಿಬಿಡಬೇಡಿ. ಅವರು ಏನಂದರು ಅಂತ ನನಗೂ ತಿಳಿಸಿ.