ಡಿ ಜೀವಸತ್ವವು ದೇಹದಲ್ಲಿ ಎಷ್ಟು ಕಾಲ ಉಳಿಯುತ್ತದೆ?

ಶಂಕಗಿರಿಯ ಸುತ್ತ ಸುಣ್ಣಕಲ್ಲಿಗೂ ಬಿಸಿಲಿಗೂ ಕೊರತೆಯಿಲ್ಲ. ಸುಣ್ಣಕಲ್ಲಿನಲ್ಲಿರುವ ಕ್ಯಾಲ್ಸಿಯಂ ಧಾತುವೇ ರಾಗಿಯಲ್ಲಿಯೂ ಹಾಲಿನಲ್ಲಿಯೂ ಇದೆ. ಅದನ್ನು ಕರುಳು ಚೆನ್ನಾಗಿ ಹೀರಿಕೊಳ್ಳಲು ಡಿ ಜೀವಸತ್ವ ಬೇಕು. ಬಿಸಿಲ ಸೀಮೆಯಲ್ಲಿಯೂ ಇದರ ಕೊರತೆ ಕಾಣುವುದರಿಂದ ವೈದ್ಯರು ವಾರಕ್ಕೊಮ್ಮೆ 60,000 ಮಾನದ ಪುಡಿಯನ್ನು ಬರೆದುಕೊಡುವುದುಂಟು. ದಿನವೂ ಉಣ್ಣಬೇಕಾದ ಅನ್ನದಂತಲ್ಲದೆ ಇದು ವಾರಕ್ಕೊಮ್ಮೆ ಹೇಗೆ ಸಾಕಾಗುತ್ತದೆ ಎಂಬ ಪ್ರಶ್ನೆ ಸಹಜವಾದುದು.

ಡಿ ಜೀವಸತ್ವವು ದೇಹದಲ್ಲಿ ಒಂದೇ ರೂಪದಲ್ಲಿರುವುದಿಲ್ಲ. ಬಿಸಿಲು ತಾಗಿದ ಚರ್ಮದಲ್ಲಿ ಹುಟ್ಟುವುದು ಡಿ3. ರಕ್ತದಲ್ಲಿ ಇದರ ಅರ್ಧಾಯು, ಅಂದರೆ ಅರ್ಧದಷ್ಟು ಕಡಿಮೆಯಾಗಲು ಬೇಕಾದ ಕಾಲ, ಸುಮಾರು ಒಂದು ದಿನ. ಆದರೆ ಒಂದು ಪಾಲು ಕೊಬ್ಬಿನಲ್ಲಿ ಸೇರಿ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುತ್ತದೆ. ಯಕೃತ್ತು ಡಿ3ನ್ನು ಕ್ಯಾಲ್ಸಿಡಯಾಲ್ ಆಗಿ ಮಾರ್ಪಡಿಸುತ್ತದೆ. ಇದರ ಅರ್ಧಾಯು ಎರಡು ಮೂರು ವಾರ. ರಕ್ತಪರೀಕ್ಷೆಯಲ್ಲಿ ಅಳೆಯುವುದು ಇದನ್ನೇ. ಹೊಸದಾಗಿ ಏನೂ ಸೇರದಿದ್ದರೆ 40 ಪಾಲು ಮೂರು ವಾರಗಳಲ್ಲಿ 20 ಆಗಿ, ಮತ್ತೆ ಮೂರು ವಾರಗಳಲ್ಲಿ 10 ಆಗುತ್ತದೆ. ಗಣಿತದ ತರಗತಿಗೂ ಇದು ಒಳ್ಳೆಯ ಉದಾಹರಣೆ. ಕೊಬ್ಬಿನಿಂದ ಜಿನುಗುವ ಪಾಲು ಈ ಇಳಿತವನ್ನು ಇನ್ನಷ್ಟು ನಿಧಾನಗೊಳಿಸುತ್ತದೆ. ಕೊನೆಯದಾಗಿ ಮೂತ್ರಪಿಂಡವು ಅಗತ್ಯಕ್ಕೆ ತಕ್ಕಷ್ಟು ಕ್ಯಾಲ್ಸಿಟ್ರಯಾಲನ್ನು ತಯಾರಿಸುತ್ತದೆ. ನಿಜವಾಗಿ ಕೆಲಸ ಮಾಡುವುದು ಇದೇ. ಆದರೆ ಇದರ ಅರ್ಧಾಯು ಕೆಲವೇ ಗಂಟೆಗಳು.

ಬಿಸಿಲಿಗಿಟ್ಟ ಅಣಬೆಯಲ್ಲಿ ದೊರೆಯುವ ಡಿ2 ಇದೇ ದಾರಿಯಲ್ಲಿ ಸಾಗಿದರೂ ರಕ್ತದ ವಾಹಕ ಪ್ರೋಟೀನಿಗೆ ಅಷ್ಟು ಬಿಗಿಯಾಗಿ ಅಂಟುವುದಿಲ್ಲ. ಆದುದರಿಂದ ಡಿ3ಕ್ಕಿಂತ ಬೇಗ ಕರಗುತ್ತದೆ.

ದೀರ್ಘಕಾಲ ಉಳಿಯುವ ಈ ಗುಣದಲ್ಲಿಯೇ ಅಪಾಯವೂ ಇದೆ. ಸಿ ಜೀವಸತ್ವ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೊರಹೋಗುತ್ತದೆ. ಡಿ ಹಾಗೆ ಹೋಗದು. ವಾರದ ಪುಡಿಯನ್ನು ದಿನವೂ ಕುಡಿಸುತ್ತ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಅತಿಯಾದ ಬಾಯಾರಿಕೆ, ಮಲಬದ್ಧತೆ ಕಾಣಿಸಿಕೊಳ್ಳುತ್ತವೆ, ಮೂತ್ರಪಿಂಡಕ್ಕೂ ಹಾನಿಯಾಗಬಹುದು. ಔಷಧಿಯನ್ನು ನಿಲ್ಲಿಸಿದರೂ ತೊಂದರೆ ವಾರಗಟ್ಟಲೆ ಮುಂದುವರಿಯುತ್ತದೆ. ಹೆತ್ತವರ ಸಭೆಯಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕು.

ಬೆಳಗಿನ ಪ್ರಾರ್ಥನೆಯ ಎಳೆಬಿಸಿಲು ಸಾಕೆಂಬ ನಂಬಿಕೆ ಹಲವು ಶಾಲೆಗಳಲ್ಲಿದೆ. ಓರೆಯಾಗಿ ಬೀಳುವ ಆ ಬಿಸಿಲಿನಲ್ಲಿ ಬೇಕಾದ ನೇರಳಾತೀತ ಕಿರಣ ಬಹಳ ಕಡಿಮೆ; ಕಿಟಕಿಯ ಗಾಜು ಅದನ್ನೂ ತಡೆಯುತ್ತದೆ. ಮನೆಯೊಳಗೆ ಮಗ್ಗದ ಬಳಿಯೇ ಹಗಲು ಕಳೆಯುವ ದೇವಾಂಗ ನೇಕಾರರ ಮಕ್ಕಳಿಗೆ ಹತ್ತು ಗಂಟೆಯ ನಂತರದ ವಿರಾಮದಲ್ಲಿ ಬಯಲಿನ ಆಟ ಹೆಚ್ಚು ಪ್ರಯೋಜನಕಾರಿ. ಮಳೆಯಿಂದ ನಾಲ್ಕು ದಿನ ಆಟ ತಪ್ಪಿದರೆ ಚಿಂತಿಸಬೇಕಾಗಿಲ್ಲ. ಕೂಡಿಟ್ಟ ಪಾಲು ಅಷ್ಟು ಬೇಗ ತೀರದು.