ಮಸಿ ಹಿಡಿದ ಸ್ಪಾರ್ಕ್ ಪ್ಲಗ್ಗು

ಕಳೆದ ದಸರಾ ರಜೆಗೆ ಕೆಲವು ದಿನ ಮುಂಚೆ ನಮ್ಮ ಮಿತ್ರರೊಬ್ಬರು ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನು ವೃತ್ತಪತ್ರಿಕೆಯ ಹಾಳೆಯಲ್ಲಿ ಸುತ್ತಿಕೊಂಡು ನಮ್ಮ ಪ್ರಯೋಗಶಾಲೆಗೆ ಬಂದರು. ನಾಲ್ಕರ ಮೂತಿಯೂ ಸೌದೆ ಒಲೆಯ ಮೇಲಿಟ್ಟ ಪಾತ್ರೆಯ ತಳದಂತೆ ಕಪ್ಪಾಗಿತ್ತು. ಅವರದು 1960ರ ದಶಕದ ಒಂದು ಸಣ್ಣ ಬ್ರಿಟಿಷ್ ಕಾರು. ಅದರ ಎಂಜಿನ್ನನ್ನು ಹೆಚ್ಚು ಶಕ್ತಿ ಬರುವಂತೆ ತಿದ್ದಿಸಿದ್ದರು. ಹೆದ್ದಾರಿಯಲ್ಲಿ ಅದು ಸಲೀಸಾಗಿ ಓಡುತ್ತಿತ್ತು. ಪೇಟೆಯಲ್ಲಿ ನಿಂತು ನಿಂತು ಸಾಗುವಾಗ ಮಾತ್ರ ಕೆಮ್ಮಿ, ಮುಗ್ಗರಿಸಿ, ಕಡೆಗೆ ನಿಂತೇ ಬಿಡುತ್ತಿತ್ತು.

“ಇದಕ್ಕಿಂತ ಬಿಸಿ ಜಾತಿಯ ಪ್ಲಗ್ಗು ಹಾಕಿದರೆ ಮಸಿಯೆಲ್ಲ ಸುಟ್ಟುಹೋಗುತ್ತದಂತೆ. ಭಾನುವಾರ ಮನೆಮಂದಿಯೆಲ್ಲ ಚಾರ್ಮಾಡಿ ಘಾಟಿ ಹತ್ತಿ ಚಿಕ್ಕಮಗಳೂರಿಗೆ ಹೊರಟಿದ್ದೇವೆ. ಹಾಕಿಸಿಬಿಡಲೇ ಮೇಷ್ಟ್ರೇ?” ಎಂದು ಅವರು ಕೇಳಿದರು.

ಬೇಡವೆಂದು ನಾವು ಹೇಳಿದೆವು. ಏಕೆ ಬೇಡ, ಬೇರೆ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ. ಇದಕ್ಕೆ ಬೇಕಾದ ಭೌತವಿಜ್ಞಾನವು ಓಮನ ನಿಯಮವನ್ನೂ ಶಾಖವಹನವನ್ನೂ ಮೀರಿದುದಲ್ಲ.

ಕಿಡಿಯ ಕೆಲಸ

ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ನು ಒತ್ತಿ ಹಿಡಿದ ಸಮಯಕ್ಕೆ ಸರಿಯಾಗಿ ಪ್ಲಗ್ಗು ಕಿಡಿ ಹಾರಿಸಬೇಕು. ಎಂಜಿನ್ನು ಮಿನಿಟಿಗೆ 3,000 ಸುತ್ತು ತಿರುಗುತ್ತಿದ್ದರೆ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 25 ಸಲ ಈ ಕೆಲಸ ಮಾಡಬೇಕಾಗುತ್ತದೆ. ಜರ್ಮನಿಯ ಬಾಷ್ ಕಾರ್ಖಾನೆಯ ಗಾಟ್ಲೋಬ್ ಹೊನೋಲ್ಡ್ 1902ರಲ್ಲಿ ಅಧಿಕ ವೋಲ್ಟೇಜಿನ ಮ್ಯಾಗ್ನೆಟೋ ಯಂತ್ರವನ್ನೂ ಅದಕ್ಕೆ ಒಪ್ಪುವ ಸ್ಪಾರ್ಕ್ ಪ್ಲಗ್ಗನ್ನೂ ರೂಪಿಸಿದನು. 1951ರಲ್ಲಿ ಸ್ಥಾಪಿತವಾದ ‘ಮೈಕೋ’ ಸಂಸ್ಥೆಯು ಬೆಂಗಳೂರಿನ ಆಡುಗೋಡಿಯ ತನ್ನ ಕಾರ್ಖಾನೆಯಲ್ಲಿ ತಯಾರಿಸಿದ ಪ್ಲಗ್ಗುಗಳು ನಮ್ಮ ನಾಡಿನಲ್ಲಿ ಮನೆಮಾತಾಗಿದ್ದವು. ಆ ಸಂಸ್ಥೆಯೇ 2008ರಲ್ಲಿ ಬಾಷ್ ಎಂಬ ಹೆಸರನ್ನು ತಾಳಿತು.

ಪ್ಲಗ್ಗಿನ ನಡುವೆ ಒಂದು ಲೋಹದ ಕಡ್ಡಿ. ಅದರ ಸುತ್ತ ಪಿಂಗಾಣಿಯಂಥ ಅವಾಹಕದ ಕವಚ. ಹೊರಗೆ ಉಕ್ಕಿನ ಮೈ. ನಡುವಿನ ಕಡ್ಡಿಗೂ ಉಕ್ಕಿನ ಮೈಯಿಂದ ಬಾಗಿದ ಕೊಂಬಿಗೂ ನಡುವೆ ಸುಮಾರು 0.6 ಮಿಲಿಮೀಟರಿನ ಸಂದು. ಬಯಲಿನ ಗಾಳಿಯಲ್ಲಿ ಈ ಸಂದನ್ನು ಕಿಡಿ ದಾಟಲು ಸುಮಾರು 3,000 ವೋಲ್ಟು ಸಾಕು. ಆದರೆ ಸಿಲಿಂಡರಿನಲ್ಲಿ ಒತ್ತಿಹೋದ ಅನಿಲದ ಸಾಂದ್ರತೆಯು ಹಲವು ಪಟ್ಟು ಹೆಚ್ಚು. ಅಲ್ಲಿ 10,000 ವೋಲ್ಟು, ಒಮ್ಮೊಮ್ಮೆ ಇನ್ನೂ ಹೆಚ್ಚು ಬೇಕಾಗುತ್ತದೆ.

ಸೋರುವ ಕೊಡ

ಮಸಿ ಎಂದರೆ ಇಂಗಾಲ, ಇಂಗಾಲವು ವಿದ್ಯುದ್ವಾಹಕ. ಅವಾಹಕದ ಮೂತಿಯ ಮೇಲೆ ಮಸಿ ಕುಳಿತರೆ ನಡುಗಡ್ಡಿಯಿಂದ ಉಕ್ಕಿನ ಮೈಗೆ ಒಂದು ಕಳ್ಳದಾರಿ ತೆರೆದಂತಾಯಿತು. ತೂತು ಬಿದ್ದ ಕೊಡಕ್ಕೆ ನೀರು ಹೊಯ್ಯುವುದನ್ನು ನೆನೆಯಿರಿ. ಹೊಯ್ದಷ್ಟೂ ಸೋರಿಹೋದರೆ ನೀರು ಕಂಠಕ್ಕೆ ಏರುವುದೆಂತು? ಇಲ್ಲಿ ಏರಬೇಕಾದುದು ವೋಲ್ಟೇಜು.

ಇದನ್ನು ಲೆಕ್ಕದಿಂದಲೇ ತಿಳಿಯಬಹುದು. ಹಳೆಯ ಕಾರಿನ ಇಗ್ನಿಷನ್ ಕಾಯಿಲಿನ ಪ್ರಾಥಮಿಕ ಸುರುಳಿಯಲ್ಲಿ ಸುಮಾರು 4 ಆಂಪಿಯರ್ ಪ್ರವಾಹವಿರುತ್ತದೆ. ದ್ವಿತೀಯಕ ಸುರುಳಿಯ ಸುತ್ತುಗಳು ಅದರ 100 ಪಟ್ಟು ಎಂದಿಟ್ಟುಕೊಳ್ಳೋಣ. ಆಗ ದ್ವಿತೀಯಕದಿಂದ ಹೆಚ್ಚೆಂದರೆ 4ರ ನೂರನೆಯ ಒಂದು ಭಾಗ, ಎಂದರೆ 0.04 ಆಂಪಿಯರ್ ದೊರೆತೀತು. ಮಸಿಯ ದಾರಿಯ ರೋಧ 1 ಲಕ್ಷ ಓಮ್ ಆಗಿದ್ದರೆ, ಇರುವ ಪ್ರವಾಹವೆಲ್ಲ ಅದರಲ್ಲೇ ಹರಿದರೂ ವೋಲ್ಟೇಜು 4,000ವನ್ನು ಮೀರದು. ಬೇಕಾದುದು 10,000, ಕಿಡಿ ಹಾರುವುದಿಲ್ಲ. ರೋಧವು 10 ಲಕ್ಷ ಓಮ್ ಆಗಿದ್ದರೆ 10,000 ವೋಲ್ಟಿನಲ್ಲಿ ಸೋರುವುದು 0.01 ಆಂಪಿಯರ್, ಕಿಡಿ ಹಾರೀತು, ಆದರೆ ಬಡಕಲಾಗಿ. ಶುದ್ಧವಾದ ಪ್ಲಗ್ಗಿನ ರೋಧವು 1 ಕೋಟಿ ಓಮಿಗಿಂತ ಹೆಚ್ಚು; ಅಲ್ಲಿ ಸೋರಿಕೆ ಗಣನೆಗೆ ಬಾರದು.

ಮಿತ್ರರ ಪ್ಲಗ್ಗುಗಳನ್ನು ನಾವು ಅಳೆದು ನೋಡಿದಾಗ ನಾಲ್ಕೂ 1 ಲಕ್ಷದಿಂದ 2 ಲಕ್ಷ ಓಮುಗಳ ನಡುವೆ ಇದ್ದವು. “ಆದರೆ ಮೆಕ್ಯಾನಿಕ್ಕು ಹೊರಗೆ ತೆಗೆದು ತೋರಿಸಿದಾಗ ಕಿಡಿ ಚೆನ್ನಾಗಿಯೇ ಹಾರಿತಲ್ಲ!” ಎಂದು ಅವರು ಅಚ್ಚರಿಪಟ್ಟರು. ಹಾರದೆ ಏನು? ಬಯಲಿನಲ್ಲಿ 3,000 ವೋಲ್ಟು ಸಾಕು. ಆ ಪ್ಲಗ್ಗುಗಳಿಗೆ 4,000 ದೊರೆಯುತ್ತಿತ್ತು. ಹೊರಗೆ ಹಾರಿದ ಕಿಡಿಯು ಒಳಗಿನ ಕಿಡಿಗೆ ಸಾಕ್ಷಿಯಲ್ಲ.

ಬಿಸಿ ಪ್ಲಗ್ಗು, ತಣ್ಣನೆಯ ಪ್ಲಗ್ಗು

ಪ್ಲಗ್ಗು ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಉರಿಯುವ ಅನಿಲದಿಂದ ಅದರ ಮೂತಿಗೆ ಬಂದ ಶಾಖವು ಅವಾಹಕ, ಉಕ್ಕಿನ ಮೈ, ಮರೆ ಇವುಗಳ ಮೂಲಕ ಸಿಲಿಂಡರಿನ ತಲೆಗೂ ಅಲ್ಲಿಂದ ತಂಪು ನೀರಿಗೂ ಹರಿದುಹೋಗುತ್ತದೆ. ಅವಾಹಕದ ಮೂತಿ ಉದ್ದವಾಗಿದ್ದರೆ ಶಾಖಕ್ಕೆ ದೂರದ ದಾರಿ, ಮೂತಿ ಬಿಸಿಯಾಗಿ ಉಳಿಯುತ್ತದೆ. ಇದು ‘ಬಿಸಿ’ ಪ್ಲಗ್ಗು. ಮೂತಿ ಗಿಡ್ಡವಾಗಿದ್ದರೆ ಶಾಖ ಬೇಗ ಹರಿದುಹೋಗುತ್ತದೆ; ಇದು ‘ತಣ್ಣನೆಯ’ ಪ್ಲಗ್ಗು.

ಮೂತಿಯ ಉಷ್ಣತೆಗೆ ಎರಡು ಗಡಿಗಳುಂಟು. ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೇಲೆ ಕುಳಿತ ಮಸಿ ತಾನೇ ಉರಿದುಹೋಗುತ್ತದೆ. ಅದಕ್ಕಿಂತ ಕಡಮೆಯಾದರೆ ಮಸಿ ಬೆಳೆಯುತ್ತದೆ. ಸುಮಾರು 850 ಡಿಗ್ರಿಗಿಂತ ಬಹಳ ಮೇಲೇರಿದರೆ ಮೂತಿಯೇ ಕೆಂಡವಾಗಿ, ಕಿಡಿ ಹಾರುವ ಮುನ್ನವೇ ಮಿಶ್ರಣಕ್ಕೆ ಬೆಂಕಿ ಹಚ್ಚುತ್ತದೆ. ಪಿಸ್ಟನ್ನು ಇನ್ನೂ ಮೇಲೇರುತ್ತಿರುವಾಗಲೇ ಅನಿಲ ಉರಿದರೆ ಒತ್ತಡವೂ ಶಾಖವೂ ಮಿತಿಮೀರುತ್ತವೆ. ಅದರಿಂದ ಮೂತಿ ಇನ್ನಷ್ಟು ಕಾಯುತ್ತದೆ. ಮುಂದಿನ ಸಲ ಬೆಂಕಿ ಇನ್ನೂ ಮುಂಚೆ ಹೊತ್ತುತ್ತದೆ. ಅಲ್ಯೂಮಿನಿಯಮ್ 660 ಡಿಗ್ರಿಯಲ್ಲಿ ಕರಗುತ್ತದೆ. ಪಿಸ್ಟನ್ನಿನ ಮಿಶ್ರಲೋಹವು ಅದಕ್ಕಿಂತಲೂ ಮುಂಚೆ ಕರಗತೊಡಗುತ್ತದೆ. ಹೀಗೆ ಸ್ವಲ್ಪ ಹೊತ್ತಿನಲ್ಲೇ ಪಿಸ್ಟನ್ನಿನ ತಲೆಗೆ ತೂತು ಬೀಳಬಹುದು.

ನಾವು ‘ಬೇಡ’ ಎಂದುದು ಇದಕ್ಕಾಗಿಯೇ. ಬಿಸಿ ಪ್ಲಗ್ಗು ಪೇಟೆಯಲ್ಲಿ ಮಸಿಯನ್ನು ಸುಟ್ಟೀತು, ನಿಜ. ಆದರೆ ತುಂಬಿದ ಕಾರು ಘಾಟಿ ಹತ್ತುವಾಗ, ಎಂಜಿನ್ನು ತನ್ನ ಪೂರ್ಣ ಶಕ್ತಿಯಿಂದ ದುಡಿಯುತ್ತಿರುವಾಗ, ಅದೇ ಪ್ಲಗ್ಗು ಎಂಜಿನ್ನನ್ನೇ ಸುಡಬಹುದು.

ಶಕ್ತಿ ಹೆಚ್ಚಿದಾಗ

ತಿದ್ದಿದ ಎಂಜಿನ್ನಿಗೆ ಈ ತೊಡಕು ಏಕೆ ಹೆಚ್ಚು? ಬ್ರಿಟನ್ನಿನ ‘ಮಿನಿ’ ಕಾರನ್ನೇ ನೋಡೋಣ. 1959ರಲ್ಲಿ ಹೊರಬಂದಾಗ ಅದರ 848 ಘನ ಸೆಂಟಿಮೀಟರಿನ ಎಂಜಿನ್ನಿಗೆ 34 ಅಶ್ವಶಕ್ತಿ. ಜಾನ್ ಕೂಪರನ ಹೆಸರು ಹೊತ್ತು 1961ರಲ್ಲಿ ಬಂದ 997 ಘನ ಸೆಂಟಿಮೀಟರಿನ ಮಾದರಿಗೆ 55. 1964ರ 1,275 ಘನ ಸೆಂಟಿಮೀಟರಿನ ‘ಕೂಪರ್ ಎಸ್’ಗೆ 76. ಲೀಟರಿಗೆ 40 ಅಶ್ವಶಕ್ತಿ ಇದ್ದುದು 60 ಆಯಿತು. 1964, 1965 ಮತ್ತು 1967ರ ಮಾಂಟೆ ಕಾರ್ಲೋ ರ್‍ಯಾಲಿಗಳನ್ನು ಗೆದ್ದುದು ಈ ಪುಟ್ಟ ಕಾರೇ. ಒಂದೇ ಗಾತ್ರದಲ್ಲಿ ಒಂದೂವರೆ ಪಟ್ಟು ಶಕ್ತಿ ಹುಟ್ಟಬೇಕಾದರೆ ಪ್ಲಗ್ಗಿನ ಮೂತಿಗೆ ತಾಕುವ ಶಾಖವೂ ಹೆಚ್ಚಲೇಬೇಕು. ಆದುದರಿಂದ ತಿದ್ದಿದ ಎಂಜಿನ್ನಿಗೆ ತಣ್ಣನೆಯ ಪ್ಲಗ್ಗು ಬೇಕಾಗುತ್ತದೆ. ಅದೇ ಎಂಜಿನ್ನು ಪೇಟೆಯಲ್ಲಿ ನಿಧಾನವಾಗಿ ಓಡುವಾಗ ಹುಟ್ಟುವ ಶಾಖ ಅಲ್ಪ. ಮೂತಿ 450 ಡಿಗ್ರಿ ಮುಟ್ಟುವುದಿಲ್ಲ. ಜೊತೆಗೆ, ವೇಗದ ಓಟಕ್ಕೆಂದು ಕವಾಟಗಳನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ಷಾಫ್ಟು ಹಾಕಿದರೆ, ನಿಧಾನ ಓಟದಲ್ಲಿ ಸುಟ್ಟ ಅನಿಲವು ಹೊಸ ಮಿಶ್ರಣದೊಡನೆ ಬೆರೆಯುತ್ತದೆ. ಎಂಜಿನ್ನು ನಿಲ್ಲದಿರಲೆಂದು ಪೆಟ್ರೋಲನ್ನು ಹೆಚ್ಚಿಸುತ್ತಾರೆ. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕು. ಗಾಳಿ ಸಾಲದಾದರೆ ಉಳಿಯುವುದು ಮಸಿ.

ಬಣ್ಣದಿಂದ ನಿದಾನ

ವೈದ್ಯರು ನಾಲಗೆ ನೋಡುವಂತೆ ಪ್ಲಗ್ಗಿನ ಮೂತಿಯನ್ನು ನೋಡಬೇಕು. ತಿಳಿ ಕಾಫಿಯ ಕಂದುಬಣ್ಣವಿದ್ದರೆ ಆರೋಗ್ಯ. ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲು 2000ದಲ್ಲಿ ನಿಂತ ಮೇಲೆ ಈ ಬಣ್ಣವು ಹಿಂದಿಗಿಂತ ಪೇಲವವಾಗಿ ಕಾಣುವುದುಂಟು. ಒಣಗಿದ ಕಪ್ಪು ಪುಡಿಯಿದ್ದರೆ ಪೆಟ್ರೋಲು ಹೆಚ್ಚು, ಇಲ್ಲವೆ ಪ್ಲಗ್ಗು ಅತಿ ತಣ್ಣಗೆ. ಜಿಡ್ಡಿನ ಕಪ್ಪಿದ್ದರೆ ಸವೆದ ಪಿಸ್ಟನ್ ಬಳೆಗಳ ಅಥವಾ ಕವಾಟದ ಕೊಳವೆಗಳ ಮೂಲಕ ಎಣ್ಣೆ ಒಳಬರುತ್ತಿದೆ; ಇದಕ್ಕೆ ಪ್ಲಗ್ಗಿನಲ್ಲಿ ಮದ್ದಿಲ್ಲ. ಬಿಳಿಚಿಕೊಂಡು ಗುಳ್ಳೆ ಎದ್ದಿದ್ದರೆ ಅತಿಯಾದ ಶಾಖ, ಕೂಡಲೆ ಎಚ್ಚರಗೊಳ್ಳಬೇಕು. ಒಂದೇ ಪ್ಲಗ್ಗು ಕಪ್ಪಾಗಿದ್ದರೆ ದೋಷ ಆ ಸಿಲಿಂಡರಿನದು; ಎಲ್ಲವೂ ಒಂದೇ ಬಗೆಯಾಗಿ ಕಪ್ಪಾಗಿದ್ದರೆ ಎಲ್ಲಕ್ಕೂ ಸಮಾನವಾದ ಕಾರಣವನ್ನು ಹುಡುಕಬೇಕು.

ನಮ್ಮ ಮಿತ್ರರ ನಾಲ್ಕು ಪ್ಲಗ್ಗುಗಳ ಮೇಲೂ ಒಣ ಮಸಿ. ಸಮಾನವಾದ ಕಾರಣಗಳನ್ನು ಮೊದಲು ಎರಡು ಕಡೆ ಹುಡುಕಬೇಕು: ಕಾರ್ಬ್ಯುರೇಟರು ಮತ್ತು ಕಾಯಿಲು. ಸಂಜೆ ಹೋಗಿ ನೋಡಿದಾಗ ಎರಡರಲ್ಲೂ ದೋಷವಿತ್ತು. ಚೋಕಿನ ತಂತಿ ತುಕ್ಕು ಹಿಡಿದು, ಗುಂಡಿಯನ್ನು ಒತ್ತಿದರೂ ಕಾರ್ಬ್ಯುರೇಟರಿನ ಜೆಟ್ಟು ಪೂರ್ತಿ ಮೇಲಕ್ಕೆ ಮರಳುತ್ತಿರಲಿಲ್ಲ. ಪೆಟ್ರೋಲು ಸದಾ ಹೆಚ್ಚಾಗಿಯೇ ಹೋಗುತ್ತಿತ್ತು.

ಎರಡನೆಯದು ಇನ್ನೂ ಕುತೂಹಲಕರ. ಆ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಕಾರಿನ ಮೈಗೆ ಜೋಡಿಸುತ್ತಿದ್ದರು. ಈ ಕಾರಿನಲ್ಲಿ ಯಾರೋ ಅದನ್ನು ಋಣಕ್ಕೆ ಬದಲಾಯಿಸಿ, ಕಾಯಿಲಿನ ತಂತಿಗಳನ್ನು ಅದಲುಬದಲು ಮಾಡಲು ಮರೆತಿದ್ದರು. ಪ್ಲಗ್ಗಿನ ನಡುಗಡ್ಡಿಯು ಋಣವಾಗಿರಬೇಕು. ಏಕೆಂದರೆ ಅದು ಹೊರಕೊಂಬಿಗಿಂತ ಬಿಸಿ, ಬಿಸಿಲೋಹದಿಂದ ಎಲೆಕ್ಟ್ರಾನುಗಳು ಸುಲಭವಾಗಿ ಹೊರಡುತ್ತವೆ. ತಿರುಗುಮುರುಗಾದರೆ ಕಿಡಿಗೆ ಹೆಚ್ಚು ವೋಲ್ಟು ಬೇಕು. ಸೋರುವ ಕೊಡದ ಕಂಠವನ್ನು ಇನ್ನೂ ಎತ್ತರಿಸಿದಂತಾಗಿತ್ತು.

ಆರಿಸುವ ಬಗೆ

ಪ್ಲಗ್ಗು ಕೊಳ್ಳುವವರು ಮೊದಲು ಮರೆಯ ಅಳತೆ ನೋಡಬೇಕು. ಮರೆಯ ವ್ಯಾಸ 14 ಮಿಲಿಮೀಟರ್ ಆಗಿದ್ದರೂ ಉದ್ದವು 12.7 ಅಥವಾ 19 ಇರಬಹುದು. ಗಿಡ್ಡವಾದರೆ ತೂತಿನ ಖಾಲಿ ಮರೆಯಲ್ಲಿ ಇಂಗಾಲ ತುಂಬುತ್ತದೆ. ಉದ್ದವಾದರೆ ಪಿಸ್ಟನ್ನಿಗೇ ತಾಕೀತು. ಆಮೇಲೆ ಶಾಖದ ಅಂಕಿ. ಇಲ್ಲಿ ಮೋಸಹೋಗುವುದು ಸುಲಭ. ಎನ್.ಜಿ.ಕೆ. ಪ್ಲಗ್ಗಿನಲ್ಲಿ 6ಕ್ಕಿಂತ 7 ತಣ್ಣನೆಯದು; ಚಾಂಪಿಯನ್ನಿನಲ್ಲಿ 9ಕ್ಕಿಂತ 7 ತಣ್ಣನೆಯದು. ಬಾಷ್‌ನ ಹಳೆಯ ಕ್ರಮದಲ್ಲಿ 175ಕ್ಕಿಂತ 225 ತಣ್ಣನೆಯದು. ಹೊಸ ಕ್ರಮದಲ್ಲಿ ಅಂಕಿ ಇಳಿದಂತೆ ತಣ್ಣಗಾಗುತ್ತದೆ. ಒಂದು ಮೆಟ್ಟಿಲಿಗೆ ಮೂತಿಯ ಉಷ್ಣತೆಯಲ್ಲಿ 70ರಿಂದ 100 ಡಿಗ್ರಿ ವ್ಯತ್ಯಾಸ. ಆದುದರಿಂದ ಮಿಶ್ರಣ, ಕಾಯಿಲು, ಸಂದು ಎಲ್ಲವನ್ನೂ ಸರಿಪಡಿಸಿದ ಮೇಲೂ ಮಸಿ ಉಳಿದರೆ ಮಾತ್ರ ಅಂಕಿ ಬದಲಿಸಬೇಕು, ಅದೂ ಒಂದೇ ಮೆಟ್ಟಿಲು. ಎಂಜಿನ್ನಿನಲ್ಲಿ ಎಡೆಯಿದ್ದರೆ ಮೂತಿ ಮುಂಚಾಚಿದ ಪ್ಲಗ್ಗು ಒಳ್ಳೆಯ ಉಪಾಯ: ನಿಧಾನ ಓಟದಲ್ಲಿ ಅದು ಬೇಗ ಕಾಯುತ್ತದೆ, ವೇಗದ ಓಟದಲ್ಲಿ ಒಳನುಗ್ಗುವ ತಂಪು ಮಿಶ್ರಣವು ಅದನ್ನು ತಣಿಸುತ್ತದೆ.

ಮಸಿ ಹಿಡಿದ ಪ್ಲಗ್ಗನ್ನು ತಂತಿಯ ಬ್ರಷ್ಷಿನಿಂದ ಉಜ್ಜುವುದು ತರವಲ್ಲ. ಅವಾಹಕದ ಮೇಲೆ ಲೋಹದ ಗೀರುಗಳು ಉಳಿದು ಮತ್ತೊಂದು ಕಳ್ಳದಾರಿಯಾಗುತ್ತವೆ. ತೀರ ಹಳತಾದರೆ ಹೊಸದನ್ನು ಹಾಕುವುದೇ ಲೇಸು.

ಮಿತ್ರರು ಚೋಕಿನ ತಂತಿ ಬದಲಿಸಿ, ಕಾಯಿಲಿನ ತಂತಿಗಳನ್ನು ಸರಿಮಾಡಿಸಿ, ಮೊದಲಿದ್ದ ಅಂಕಿಯವೇ ಆದ ಹೊಸ ಪ್ಲಗ್ಗುಗಳನ್ನು ಹಾಕಿಸಿಕೊಂಡರು. ಭಾನುವಾರ ಘಾಟಿ ಹತ್ತಿದೊಡನೆ ಕೊಟ್ಟಿಗೆಹಾರದಲ್ಲಿ ಎಂಜಿನ್ನು ನಿಲ್ಲಿಸಿದರಂತೆ. ಬಹಳ ಹೊತ್ತು ಸುಮ್ಮನೆ ಓಡುತ್ತ ಬಿಟ್ಟಿದ್ದರೆ ಏರಿನ ಗುರುತು ಅಳಿಸಿ ನಿಧಾನ ಓಟದ ಗುರುತು ಕೂರುತ್ತದೆಂದು ನಾವು ಮೊದಲೇ ಹೇಳಿದ್ದೆವು. ಮನೆಮಂದಿ ನೀರುದೋಸೆ ತಿಂದು ಮುಗಿಸುವಷ್ಟರಲ್ಲಿ ಎಂಜಿನ್ನು ತಣಿದಿತ್ತು. ಒಂದು ಪ್ಲಗ್ಗನ್ನು ಬಿಚ್ಚಿ ಅದರ ಚಿತ್ರ ತೆಗೆದು ನಮಗೆ ಕಳುಹಿಸಿದರು. ಮೂತಿಯ ಬಣ್ಣ ತಿಳಿ ಕಾಫಿಯದಾಗಿತ್ತು.